ನೀವು ಇನ್ನೂ ಇದ್ದೀರಾ?

ದುಃಖದಲ್ಲಿರುವವರು ಬರೆಯುವ ಕ್ರೈಸ್ತ ಆನ್‌ಲೈನ್ ಚಾಟ್ ಒಂದರಲ್ಲಿ ನಾನು ಸೇವೆ ಮಾಡುತ್ತೇನೆ. ಅಲ್ಲಿಗೆ ಈ ಮಂಗಳವಾರ ರಾತ್ರಿ ಬಂದ ಒಂದು ಮೆಸೇಜ್ ತಲೆಯಿಂದ ಹೋಗುತ್ತಲೇ ಇಲ್ಲ.

"ಅಪ್ಪ ತೀರಿಕೊಂಡರು. ನಾನು ಹೋಗಲಿಲ್ಲ. ದೇವರು ನನ್ನನ್ನು ಕ್ಷಮಿಸುತ್ತಾನಾ?"

ಇಷ್ಟೇ, ಇಂಗ್ಲಿಷಿನಲ್ಲಿ. ಬರೆದವರು ಯಾರೋ, ಯಾವ ದೇಶದವರೋ ಗೊತ್ತಿಲ್ಲ. ನಮ್ಮಲ್ಲಿ ಬರೆಯುವವರು ಹೆಸರು ಹೇಳಲೇಬೇಕು ಅಂತೇನಿಲ್ಲ, ನಾವೂ ಕೆದಕುವುದಿಲ್ಲ. ವಾಕ್ಯ ಕೂಡಿಸಿದ ರೀತಿ ನೋಡಿದರೆ ಇಂಗ್ಲಿಷ್ ಅವರ ಮನೆಮಾತಲ್ಲ. ನನ್ನದೂ ಅಲ್ಲ.

ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನಾನು ಟೈಪ್ ಮಾಡುವಾಗ ಆ ಕಡೆಯ ಪರದೆಯಲ್ಲಿ ಮೂರು ಚುಕ್ಕಿಗಳು ಕುಣಿಯುತ್ತವೆ. ಕೈ ನಿಲ್ಲಿಸಿದರೆ ಅವೂ ಮಾಯ. ಅವರು ಅದನ್ನೇ ನೋಡುತ್ತಾ ಕೂತಿದ್ದರು ಅಂತ ಕಾಣುತ್ತದೆ.

"ನೀವು ಇನ್ನೂ ಇದ್ದೀರಾ?"

"ಇದ್ದೇನೆ. ನಿಮಗೆ ಅವಸರದಲ್ಲಿ ಏನೋ ಒಂದು ಹೇಳಿಬಿಡಲು ಮನಸ್ಸಿಲ್ಲ. ಯೋಚಿಸುತ್ತಿದ್ದೇನೆ."

"ಪರವಾಗಿಲ್ಲ, ಕಾಯುತ್ತೇನೆ. ನನಗೋಸ್ಕರ ಯಾರೂ ಇಷ್ಟು ಹೊತ್ತು ಯೋಚಿಸಿದ್ದಿಲ್ಲ."

ಆ ಕೊನೆಯ ಸಾಲನ್ನು ಓದಿ ಕಣ್ಣು ತುಂಬಿ ಬಂತು. ಆಮೇಲೆ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಅದೇ ಮಾತು ಮತ್ತೆ ಮತ್ತೆ. ನನ್ನ ಇಂಗ್ಲಿಷ್ ನಿಧಾನ. ಪದ ಹುಡುಕಬೇಕು, ಕ್ರಿಯಾಪದ ಸರಿಯಿದೆಯಾ ನೋಡಬೇಕು. ಆ ನಿಧಾನ ಅವರಿಗೆ ಪ್ರೀತಿಯಾಗಿ ಕಂಡಿದೆ. ಸುಮ್ನೆ ಕಂಡದ್ದೂ ಅಲ್ಲ, ಆ ಹೊತ್ತಿನಲ್ಲಿ ಅದು ನಿಜಕ್ಕೂ ಪ್ರೀತಿಯೇ ಆಗಿತ್ತು.

ಕನ್ನಡದಲ್ಲಾದರೆ ನಮ್ಮ ಬಾಯಲ್ಲಿ ಸಿದ್ಧವಾದ ಮಾತುಗಳು ಬೇಕಾದಷ್ಟಿವೆ. ಸಾವಿನ ಮನೆಗೆ ಹೋದರೆ "ಎಲ್ಲಾ ಕರ್ತನ ಚಿತ್ತ" ಅನ್ನುತ್ತೇವೆ, ಬೈಬಲಿನ ಒಂದು ವಚನ ಹೇಳುತ್ತೇವೆ, ಕಣ್ಣು ಮುಚ್ಚಿ ಪ್ರಾರ್ಥಿಸಿ ಎದ್ದು ಬರುತ್ತೇವೆ. ಅದರಲ್ಲಿ ಕಪಟ ಇಲ್ಲ. ಆದರೆ ನಾಲಿಗೆ ಮನಸ್ಸಿಗಿಂತ ಮುಂದೆ ಓಡಿರುತ್ತದೆ, ಅಲ್ವಾ? ಇಂಗ್ಲಿಷಿನಲ್ಲಿ ಆ ಸವಲತ್ತು ನನಗಿಲ್ಲ. ಏನು ಹೇಳಬೇಕೆಂದಿದ್ದೇನೆ ಅನ್ನುವುದು ಮೊದಲು ನನಗೇ ತಿಳಿಯಬೇಕು.

ಆ ರಾತ್ರಿ ನಾನು ಕೊನೆಗೆ ಕಳಿಸಿದ್ದು ಒಂದೇ ಸಾಲು: "ನಿಮ್ಮ ಅಪ್ಪನ ಬಗ್ಗೆ ಹೇಳಿ." ಅವರು ಹೇಳಿದರು. ಗುರುತು ಸಿಗುವ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಜಗಳವಿತ್ತು, ಮಾತು ಬಿಟ್ಟಿದ್ದರು, ವರ್ಷಗಳು ಹಾಗೇ ಕಳೆದಿದ್ದವು. ಅಪ್ಪ ಬೂಟಿನ ಲೇಸ್ ಕಟ್ಟುವಾಗ ಶಿಳ್ಳೆ ಹಾಕುತ್ತಿದ್ದರಂತೆ, ಅದು ಯಾವ ಹಾಡು ಅಂತ ಒಮ್ಮೆಯೂ ಕೇಳಲಿಲ್ಲವಂತೆ. ಕ್ಷಮೆಯ ಪ್ರಶ್ನೆಗೆ ಬಂದದ್ದು ಆಮೇಲೆ. ಬೈಬಲಿನ 34ನೇ ಕೀರ್ತನೆ ಹೇಳುವ ಹಾಗೆ ದೇವರು ಮುರಿದ ಮನಸ್ಸಿನವರ ಹತ್ತಿರವೇ ಇರುತ್ತಾನೆ, ಕೇಳಿದವರನ್ನು ಕ್ಷಮಿಸುತ್ತಾನೆ ಅಂತ ಬರೆದೆ. ಪ್ರಾರ್ಥನೆಯನ್ನೂ ಟೈಪ್ ಮಾಡಿದೆ. "ತಂದೆಯೇ, ಇವರು ದುಃಖದಲ್ಲಿದ್ದಾರೆ. ಇವರ ಹತ್ತಿರ ಇರು. ಇವರು ನಿದ್ದೆ ಮಾಡಲಿ." ಅಷ್ಟೇ. "ಆಮೆನ್" ಅಂತ ಬಂತು.

ನಮ್ಮ ತಂಡದಲ್ಲಿ ಒಬ್ಬ ಬ್ರದರ್ ಇದ್ದಾರೆ. ಇಂಗ್ಲಿಷಿನಲ್ಲೇ ಓದಿ ಬೆಳೆದವರು. ಸಾವು, ಸಾಲ, ಮದುವೆ, ಎಲ್ಲಕ್ಕೂ ಅವರ ಫೈಲಿನಲ್ಲಿ ಉತ್ತರ ತಯಾರಾಗಿರುತ್ತದೆ. ಕಾಪಿ, ಪೇಸ್ಟ್, ಮುಂದಿನವರು. "ಸಿಸ್ಟರ್, ನೀವು ಹೀಗೆ ನಿಧಾನ ಮಾಡಿದರೆ ಕ್ಯೂ ಬೆಳೆಯುತ್ತೆ" ಅಂತ ಹೇಳುತ್ತಾರೆ. ಕಾಯುವವರ ಚಿಂತೆ ಅವರದು, ಅದು ನನಗೆ ಅರ್ಥವಾಗುತ್ತದೆ. ಅವರ ಉತ್ಸಾಹದ ಬಗ್ಗೆ ಗೌರವವೂ ಇದೆ. ಆದರೆ ಎದುರಿನವರು ಮಾತು ಮುಗಿಸುವ ಮೊದಲೇ ಅವರ ಉತ್ತರ ಹೋಗಿರುತ್ತದೆ. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಬಂದದ್ದೆಲ್ಲ ಗಾಯದ ಮೇಲೆ ಬರೆ.

ನಮ್ಮ ಚರ್ಚಿನ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಆಗಾಗ ಬರುತ್ತದೆ. "ನಮ್ಮ ಭಾಷೆಯಲ್ಲೇ ಸೇವೆ ಮಾಡಬಾರದಾ?" ಬೈಬಲಿನ ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ ತೋರಿಸುತ್ತಾರೆ. ಜೆರುಸಲೇಮಿನಲ್ಲಿ ಸೇರಿದ್ದ ಜನ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ಕೇಳಿದರಲ್ಲ ಅನ್ನುತ್ತಾರೆ. ಸರಿಯಾದ ಮಾತು. ಬರೆದವರ ಭಾಷೆ ಬಲ್ಲವರು ತಂಡದಲ್ಲಿದ್ದರೆ ನಾವು ಅವರಿಗೇ ವಹಿಸುತ್ತೇವೆ, ವಹಿಸಲೇಬೇಕು. ಇಲ್ಲದಿದ್ದಾಗ ಏನು ಮಾಡುವುದು?

ಹೊಸ ಒಡಂಬಡಿಕೆ ನಮಗೆ ಬಂದ ದಾರಿಯನ್ನೇ ನೋಡಿ. ಯೇಸು ಆಡುತ್ತಿದ್ದದ್ದು ಅರಮಾಯಿಕ್. ಅವರ ಕಥೆ ಹೇಳುವ ಸುವಾರ್ತೆಗಳು ಉಳಿದಿರುವುದು ಗ್ರೀಕಿನಲ್ಲಿ, ಅದೂ ಪಂಡಿತರ ಗ್ರೀಕ್ ಅಲ್ಲ, ಆಗ ಬೇರೆ ಬೇರೆ ಮನೆಮಾತಿನವರು ವ್ಯವಹಾರಕ್ಕೆ ಬಳಸುತ್ತಿದ್ದ ಗ್ರೀಕ್. ಮಾರ್ಕನ ಸುವಾರ್ತೆ "ಮತ್ತು, ಮತ್ತು" ಅಂತ ಚಿಕ್ಕ ವಾಕ್ಯಗಳನ್ನು ಪೋಣಿಸುತ್ತಾ ಹೋಗುತ್ತದೆ. ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರೀಕಿನಲ್ಲಿ ವ್ಯಾಕರಣ ತಪ್ಪಿದ ಜಾಗಗಳು ಎಷ್ಟೋ ಇವೆ ಅಂತ ಬಲ್ಲವರು ಹೇಳುತ್ತಾರೆ. ಯೇಸುವಿನ ಶಿಷ್ಯ ಪೇತ್ರನನ್ನಂತೂ, ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿದ್ದವರು ಅವನ ಮಾತಿನ ಧಾಟಿಯಿಂದಲೇ ಹಿಡಿದರು. ಇವರ್ಯಾರೂ ಭಾಷೆ ಪಳಗುವವರೆಗೆ ಕಾಯಲಿಲ್ಲ.

ಕನ್ನಡದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. 1853ರಲ್ಲಿ ಬಂದ ಜರ್ಮನಿಯ ಕಿಟೆಲ್ ಕನ್ನಡ ಕಲಿತದ್ದು ಸುವಾರ್ತೆಗಾಗಿ. 1894ರಲ್ಲಿ ನಿಘಂಟು ಕೊಟ್ಟರು. ಅವರೂ ಮೊದಮೊದಲು ನಮ್ಮವರ ಮುಂದೆ ತಡವರಿಸಿಯೇ ಇರಬೇಕು.

ಅನುವಾದದ ಆ್ಯಪ್ ಇದೆಯಲ್ಲ ಅಂತಲೂ ಕೇಳುತ್ತಾರೆ. ಕಾಗುಣಿತ ನೋಡಲು, ಒಂದು ಪದ ಹುಡುಕಲು ನಾನೂ ಬಳಸುತ್ತೇನೆ. ಆದರೆ ದುಃಖದಲ್ಲಿರುವವರ ಎದುರು ಹೇಳುವ ಮಾತನ್ನು ನಾನೇ ಕೂಡಿಸಬೇಕು. ಸ್ವಲ್ಪ ಒಡ್ಡೊಡ್ಡಾಗಿದ್ದರೂ ಪರವಾಗಿಲ್ಲ.

ತೃಪ್ತಿ ಸಿಗುತ್ತದಾ ಅಂತ ಕೇಳಿದರೆ, ಹೌದು, ಬೇರೆ ಯಾವ ಸೇವೆಯಲ್ಲೂ ಸಿಗದಷ್ಟು. ವೇದಿಕೆ ಇಲ್ಲ, ಮೈಕ್ ಇಲ್ಲ, ಚೆನ್ನಾಗಿ ಮಾತಾಡಿದಿರಿ ಅನ್ನುವವರಿಲ್ಲ. ಮುಖವನ್ನೇ ನೋಡದ ಒಬ್ಬರು ತಮ್ಮ ಮನೆಯವರಿಗೂ ಹೇಳದ್ದನ್ನು ನನಗೆ ಹೇಳುತ್ತಾರೆ. ಇಬ್ಬರಿಗೂ ಪರಕೀಯವಾದ ಭಾಷೆಯಲ್ಲಿ ಯಾರೂ ದೊಡ್ಡವರಲ್ಲ.

ಸಭೆಯ ಗೆಳತಿಯೊಬ್ಬಳು "ನನ್ನ ಇಂಗ್ಲಿಷ್ ಸಾಲಲ್ಲ ಕಣೇ" ಅಂತ ತುಂಬಾ ದಿನದಿಂದ ಹಿಂಜರಿಯುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಯಾರದಾದರೂ ಮಂಚದ ಪಕ್ಕ ಕೂತರೆ ಅವಳಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ನಾನು ಕಂಡಿಲ್ಲ. ಮುಂದಿನ ತರಬೇತಿಗೆ ಅವಳ ಹೆಸರು ಕೊಡಿಸಿದ್ದೇನೆ.