ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ

ನಿದ್ದೆ ಸರಿ ಮಾಡಿಕೊಳ್ಳಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಬೇಗ ಮಲಗುವುದು. ಹನ್ನೆರಡಕ್ಕೆ ಮಲಗುತ್ತಿದ್ದವರು ಇದ್ದಕ್ಕಿದ್ದಂತೆ ಹತ್ತಕ್ಕೇ ದೀಪ ಆರಿಸುತ್ತಾರೆ. ನಿದ್ದೆ ಹತ್ತುವುದಿಲ್ಲ, ಹೊರಳಾಡುತ್ತಾರೆ, ಫೋನ್ ತೆಗೆಯುತ್ತಾರೆ, ನಾಲ್ಕು ದಿನಕ್ಕೆ ‘ನನ್ನ ಹಣೆಬರಹವೇ ಇಷ್ಟು’ ಅಂತ ಕೈಬಿಡುತ್ತಾರೆ. ಎಷ್ಟು ಹೊತ್ತಿಗೆ ಬೇಕಾದರೂ ಮಲಗಬಹುದು, ಆದರೆ ನಿದ್ದೆ ಇಷ್ಟು ಹೊತ್ತಿಗೇ ಬರಬೇಕು ಅಂತ ಹಟ ಹಿಡಿಯಲು ಆಗುವುದಿಲ್ಲ. ಏಳುವ ಹೊತ್ತಾದರೆ ಒಂದು ಅಲಾರಂ ಸಾಕು. ರಿಪೇರಿ ಶುರುವಾಗಬೇಕಾದ್ದು ಆ ತುದಿಯಿಂದ.

ನಿದ್ದೆಯನ್ನು ಎರಡು ವ್ಯವಸ್ಥೆಗಳು ಸೇರಿ ನಡೆಸುತ್ತವೆ. ಸ್ವಿಟ್ಜರ್‌ಲ್ಯಾಂಡಿನ ಅಲೆಕ್ಸಾಂಡರ್ ಬೋರ್ಬೇಯಿ 1982ರಲ್ಲಿ ಮುಂದಿಟ್ಟ ಈ ಮಾದರಿಯನ್ನೇ ನಿದ್ದೆಯ ತಜ್ಞರು ಇವತ್ತಿಗೂ ಬಳಸುತ್ತಾರೆ. ಒಂದನೆಯದು ನಿದ್ದೆಯ ಒತ್ತಡ. ಎದ್ದ ಗಳಿಗೆಯಿಂದ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಎಚ್ಚರವಿದ್ದಷ್ಟು ಹೊತ್ತು ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ದಿನಕ್ಕೆ ಏಳು ಗಂಟೆ ನಿದ್ದೆ ಮಾಡುವವರಿಗೆ ಉಳಿಯುವ ಎಚ್ಚರ 17 ಗಂಟೆ. ಬೆಳಿಗ್ಗೆ 6ಕ್ಕೆ ಎದ್ದರೆ ಅದು ರಾತ್ರಿ 11ಕ್ಕೆ ಮುಗಿಯುತ್ತದೆ, 9ಕ್ಕೆ ಎದ್ದರೆ ರಾತ್ರಿ 2ಕ್ಕೆ. ಭಾನುವಾರ ರಾತ್ರಿ ನಿದ್ದೆ ಬಾರದಿರುವುದಕ್ಕೆ ಸೋಮವಾರದ ಆಫೀಸಿನ ಭಯ ಎಷ್ಟು ಕಾರಣವೋ ಭಾನುವಾರ ಒಂಬತ್ತೂವರೆಗೆ ಎದ್ದದ್ದೂ ಅಷ್ಟೇ ಕಾರಣ.

ಎರಡನೆಯದು ದೇಹದ ಗಡಿಯಾರ. ಮಿದುಳಿನ ತಳದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ ಕೂತಿರುವ ನರಕೋಶಗಳ ಒಂದು ಜೋಡಿ ಗುಂಪು ಇದನ್ನು ನಡೆಸುತ್ತದೆ. ಮನುಷ್ಯರಲ್ಲಿ ಇದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಹೆಚ್ಚು. ಅಂದರೆ ಯಾರೂ ತಿದ್ದದೆ ಬಿಟ್ಟರೆ ಅದು ದಿನವೂ ಹಿಂದೆ ಬೀಳುತ್ತದೆ. ತಿದ್ದುವುದು ಬೆಳಕು, ಅದರಲ್ಲೂ ಬೆಳಗಿನ ಬೆಳಕು. (ಗಡಿಯಾರ ಜೀವಿಯ ಒಳಗೇ ಇದೆ ಎಂಬುದರ ಮೊದಲ ಸುಳಿವು ಕೊಟ್ಟದ್ದು ನಮ್ಮ ಹಿತ್ತಿಲ ಮುಟ್ಟಿದರೆ ಮುನಿಯಂಥ ಗಿಡ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಅದನ್ನು ಕತ್ತಲಲ್ಲಿಟ್ಟು ನೋಡಿದಾಗ ಬಿಸಿಲಿಲ್ಲದಿದ್ದರೂ ಎಲೆಗಳು ಹಗಲಿಗೆ ಸರಿಯಾಗಿ ಬಿಚ್ಚಿಕೊಳ್ಳುತ್ತಿದ್ದವು. ಆ ಗಡಿಯಾರದ ಜೀನ್‌ಗಳನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ ನೊಬೆಲ್ ಬಂದದ್ದು 2017ರಲ್ಲಿ.)

ಈಗ ಕೆಲಸಕ್ಕೆ ಬರೋಣ. ವಾರದ ಏಳೂ ದಿನ ಪಾಲಿಸಬಲ್ಲ ಒಂದು ಹೊತ್ತನ್ನು ಆರಿಸಿ. ಆಫೀಸಿಗೆ, ಮಕ್ಕಳ ಸ್ಕೂಲ್ ವ್ಯಾನಿಗೆ ಎಷ್ಟಕ್ಕೆ ಏಳಲೇಬೇಕೋ ಅದೇ ಹೊತ್ತು ಇರಲಿ. ರಜೆಯ ದಿನ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಸಡಿಲ ಬಿಡಿ. ಈಗ ಎಂಟಕ್ಕೆ ಏಳುವವರು ಆರಕ್ಕೆ ಬರಬೇಕಾದರೆ ಒಂದೇ ಸಲ ಹಾರಬೇಡಿ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ, ಸುಮಾರು ಮೂರು ವಾರ ಹಿಡಿಯುತ್ತದೆ. ಎದ್ದ ಮೊದಲ ಅರ್ಧ ಗಂಟೆ ತಲೆ ಮಂಕಾಗಿರುವುದು ಸಹಜ. ಆ ಮಂಕನ್ನು ಇಟ್ಟುಕೊಂಡು ‘ನಿದ್ದೆ ಸಾಲಲಿಲ್ಲ’ ಎಂದು ತೀರ್ಪು ಕೊಡಬೇಡಿ, ಹತ್ತು ಹನ್ನೊಂದು ಗಂಟೆಗೆ ಹೇಗಿದ್ದೀರಿ ನೋಡಿ. ಅಲಾರಂ ಮಂಚದಿಂದ ಕೈಗೆಟುಕದಷ್ಟು ದೂರ ಇರಲಿ. ಸ್ನೂಜ್ ಒತ್ತಿ ಗಿಟ್ಟಿಸುವ ಒಂಬತ್ತು ನಿಮಿಷದ ತುಣುಕು ನಿದ್ದೆಯಿಂದ ದೊಡ್ಡ ಲಾಭವೇನೂ ಇಲ್ಲ.

ಬ್ರಾಹ್ಮೀ ಮುಹೂರ್ತದ ಬಗ್ಗೆ ಒಂದು ಮಾತು, ಏಕೆಂದರೆ ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಮೊದಲು ಮುಗಿಯುತ್ತದೆ. ಸೂರ್ಯ 6.20ಕ್ಕೆ ಹುಟ್ಟುವ ದಿನ ಅದು 4.44ಕ್ಕೆ ಶುರು. ಏಳು ಗಂಟೆ ನಿದ್ದೆ ಬೇಕಾದರೆ ರಾತ್ರಿ 9.44ಕ್ಕೆ ಕಣ್ಣು ಮುಚ್ಚಿರಬೇಕು. ದೀಪ ಹಚ್ಚಿ ಒಂದೆರಡು ಗಂಟೆಗೆಲ್ಲ ಊಟ ಮುಗಿಸಿ ಮಲಗುತ್ತಿದ್ದ ಕಾಲಕ್ಕೆ ಇದು ಸಲೀಸು. ಹತ್ತಕ್ಕೆ ಕೆಲಸದ ಕಾಲ್ ಮುಗಿಸಿ ಹತ್ತೂವರೆಗೆ ಊಟ ಮಾಡುವವರು ನಾಲ್ಕೂಮುಕ್ಕಾಲಿಗೆ ಎದ್ದರೆ ಸಾಲದ ಮೇಲೆ ಸಾಲ ಅಷ್ಟೆ. ವಯಸ್ಕರಿಗೆ ದಿನಕ್ಕೆ 7 ಗಂಟೆ ಅಥವಾ ಹೆಚ್ಚು ಬೇಕು ಅನ್ನುವುದು ಅಮೆರಿಕದ ನಿದ್ರಾವೈದ್ಯರ ಸಂಘಗಳು 2015ರಲ್ಲಿ ಕೊಟ್ಟ ಸಲಹೆ. ಈ ಲೆಕ್ಕ ಕೂಡಿಬಂದರೆ ಯಾವ ಮುಹೂರ್ತವಾದರೂ ಒಳ್ಳೆಯದೇ.

ಎದ್ದ ಒಂದು ಗಂಟೆಯೊಳಗೆ 20ರಿಂದ 30 ನಿಮಿಷ ಮನೆಯ ಹೊರಗಿರಿ. ವಾಕಿಂಗ್ ಮಾಡಿ, ಗಿಡಕ್ಕೆ ನೀರು ಹಾಕಿ, ಹಾಲಿನ ಅಂಗಡಿಗೆ ಹೋಗಿ ಬನ್ನಿ, ಬಾಲ್ಕನಿಯಲ್ಲಿ ಕೂತು ಪೇಪರ್ ಓದಿದರೂ ಆದೀತು. ಕಿಟಕಿ ಗಾಜಿನ ಒಳಗೆ ಕೂರುವುದಕ್ಕೂ ಹೊರಗೆ ನಿಲ್ಲುವುದಕ್ಕೂ ತುಂಬ ವ್ಯತ್ಯಾಸವಿದೆ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ). ಮಲೆನಾಡಿನ ಮೋಡ ಕವಿದ ಹಗಲಲ್ಲೂ ಹೊರಗಡೆ ಸಾವಿರಾರು ಲಕ್ಸ್ ಇರುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತೇ ಆಗುವುದಿಲ್ಲ. ಸೂರ್ಯನನ್ನು ನೇರ ದಿಟ್ಟಿಸುವ ಅಗತ್ಯ ಖಂಡಿತ ಇಲ್ಲ. ಬೆಂಗಳೂರಿನಲ್ಲಿ ಸೂರ್ಯೋದಯ ವರ್ಷವಿಡೀ ಸುಮಾರು 5.50ರಿಂದ 6.50ರ ನಡುವೆಯೇ ಓಡಾಡುತ್ತದೆ, ಆ ಮಟ್ಟಿಗೆ ನಾವು ಪುಣ್ಯವಂತರು. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಬೆಳಗಾಗುವ ಲಂಡನ್ನಿನಂಥ ಕಡೆ ಇರುವ ಕನ್ನಡಿಗರು 10,000 ಲಕ್ಸ್‌ನ ಲೈಟ್ ಬಾಕ್ಸನ್ನು ಬೆಳಿಗ್ಗೆ ಅರ್ಧ ಗಂಟೆ ಮುಂದಿಟ್ಟುಕೊಳ್ಳಬಹುದು. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಸಂಜೆಗೆ ಇದರ ತದ್ವಿರುದ್ಧ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಕೂಲ್ ಡೇಲೈಟ್’ ಅಂತ ಮಾರುವ 6500 ಕೆಲ್ವಿನ್‌ನ ನೀಲಿಬಿಳುಪು ಎಲ್‌ಇಡಿ. ಮಲಗುವ ಕೋಣೆಗೆ, ಊಟದ ನಂತರ ಕೂರುವ ಜಾಗಕ್ಕೆ 2700 ಅಥವಾ 3000 ಕೆಲ್ವಿನ್‌ನ ಕಡಿಮೆ ವ್ಯಾಟಿನ ‘ವಾರ್ಮ್ ವೈಟ್’ ಬಲ್ಬ್ ಹಾಕಿ, ಒಂಬತ್ತರ ನಂತರ ಅದೊಂದೇ ಉರಿಯಲಿ. ಫೋನಿಗೆ ಹಳದಿ ಬಣ್ಣದ ನೈಟ್ ಮೋಡ್ ಹಾಕಿಕೊಂಡು ಬೀಗುವವರಿಗೆ ಒಂದು ಮಾತು: ಪರದೆಯ ಬಣ್ಣಕ್ಕಿಂತ ಅದರಲ್ಲಿ ನೋಡುವ ವಿಷಯ ಹೆಚ್ಚು ಎಚ್ಚರ ಇಡುತ್ತದೆ. ಫ್ಯಾಮಿಲಿ ಗ್ರೂಪಿನ ಜಗಳ ಹಳದಿ ಬೆಳಕಲ್ಲೂ ಜಗಳವೇ. ಚಾರ್ಜರನ್ನು ಹಾಲ್‌ಗೆ ವರ್ಗ ಮಾಡಿ, ಕೋಣೆಗೆ ಮುಳ್ಳಿನ ಅಲಾರಂ ಗಡಿಯಾರ ತನ್ನಿ.

ಕಾಫಿಯದು ಸ್ವಲ್ಪ ದೀರ್ಘ ಕತೆ. ಕೆಫೀನ್ ನಿದ್ದೆಯ ಒತ್ತಡವನ್ನು ಇಳಿಸುವುದಿಲ್ಲ. ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂತು ಅದರ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ದೇಹ ಅದರಲ್ಲಿ ಅರ್ಧದಷ್ಟನ್ನು ಕರಗಿಸಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ, ಕಾಲು ಭಾಗ ಬೆಳಗಿನ ಮೂರಕ್ಕೂ ರಕ್ತದಲ್ಲಿರುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಲಗುವ ಆರು ಗಂಟೆ ಮೊದಲು ಕೊಟ್ಟ 400 ಮಿಲಿಗ್ರಾಂ ಕೆಫೀನ್ ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಕಡಿತ ಮಾಡಿತ್ತು. ಅದು ದೊಡ್ಡ ಪ್ರಮಾಣ, ನಿಜ. ಆದರೆ ‘ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ’ ಅನ್ನುವವರಿಗೆ ನಿದ್ದೆ ಹತ್ತಿದರೂ ಗಾಢ ನಿದ್ದೆಯ ಪಾಲು ಕಡಿಮೆಯಾಗಬಹುದು.

ಹನ್ನೊಂದಕ್ಕೆ ಮಲಗುವವರು ಕೊನೆಯ ಕಾಫಿಯನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಿ. ಪುಡಿಯ ಕಡೆಯೂ ಗಮನ ಇರಲಿ: ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಪುಡಿ ಮಾಡಿಸುವಾಗ ಪ್ಲಾಂಟೇಶನ್ ಎ ಕೇಳಿದರೆ ಅದು ಅರೇಬಿಕಾ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ತಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಹಿಡಿದುಕೊಂಡು ಎರಡರಿಂದ ಒಂಬತ್ತು ದಿನ ಕಾಡುತ್ತದೆ, ಜನ ಸೋತು ಮತ್ತೆ ಶುರು ಮಾಡುವುದು ಅಲ್ಲೇ. ಮೊದಲ ವಾರ ಸಂಜೆಯ ಲೋಟಕ್ಕೆ ಡಿಕಾಕ್ಷನ್ ಅರ್ಧ ಮಾಡಿ ಹಾಲು ಹೆಚ್ಚಿಸಿ, ಎರಡನೇ ವಾರ ಕಾಲು ಭಾಗ, ಮೂರನೇ ವಾರ ಜೀರಿಗೆ ಕಷಾಯವೋ ಮಜ್ಜಿಗೆಯೋ. ಸಂಜೆಯ ಕಾಫಿಯಲ್ಲಿ ಬಹುಪಾಲು ಜನಕ್ಕೆ ಬೇಕಾದ್ದು ಆ ಹತ್ತು ನಿಮಿಷದ ಬಿಡುವು. ಲೋಟದಲ್ಲಿ ಏನಿದ್ದರೂ ನಡೆಯುತ್ತದೆ.

ಮಧ್ಯಾಹ್ನದ ನಿದ್ದೆ ಮೂರರೊಳಗೆ, 20 ನಿಮಿಷಕ್ಕೆ ಅಲಾರಂ ಇಟ್ಟು. ಗಂಟೆಗಟ್ಟಲೆ ಮಲಗಿದರೆ ರಾತ್ರಿಯ ಒತ್ತಡವನ್ನು ಹಗಲೇ ಖರ್ಚು ಮಾಡಿದಂತೆ. ರಾತ್ರಿಯೂಟ ಮಲಗುವ ಎರಡು ಮೂರು ಗಂಟೆ ಮೊದಲು ಆಗಲಿ. ಎದೆಯುರಿ ಇದ್ದವರು ಎಡ ಮಗ್ಗುಲಿಗೆ ಮಲಗಿದರೆ ಹುಳಿ ಮೇಲೆ ನುಗ್ಗುವುದು ಕಡಿಮೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ನಡುರಾತ್ರಿಯ ನಂತರ ಪದೇಪದೇ ಎಬ್ಬಿಸುತ್ತದೆ. ಬಿಸಿನೀರಿನ ಸ್ನಾನ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಹೊತ್ತು ಮುಖ್ಯ: ಮಲಗುವ ಒಂದೆರಡು ಗಂಟೆ ಮೊದಲು, 40ರಿಂದ 42 ಡಿಗ್ರಿಯ ನೀರು, ಹತ್ತು ನಿಮಿಷ. ಬಿಸಿಗೆ ಕೈಕಾಲಿನ ರಕ್ತನಾಳಗಳು ಅಗಲವಾಗಿ ಒಳಮೈಯ ಶಾಖ ಹೊರಹೋಗುತ್ತದೆ, ಆ ಇಳಿಯುವ ಶಾಖವೇ ನಿದ್ದೆಯ ಕರೆ. ಸ್ನಾನ ಮುಗಿಸಿ ನೇರ ಹಾಸಿಗೆಗೆ ಹೋದರೆ ಇಳಿಯಲು ಸಮಯ ಸಿಗುವುದಿಲ್ಲ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಆರ್‌ಸಿಸಿ ಚಾವಣಿ ಹಗಲಿಡೀ ಕಾದು ರಾತ್ರಿ ಕೋಣೆಯೊಳಕ್ಕೆ ಶಾಖ ಬಿಡುತ್ತದೆ. ನೀರಿನ ಅನುಕೂಲ ಇದ್ದರೆ ಸೂರ್ಯ ಮುಳುಗಿದ ಮೇಲೆ ತಾರಸಿಗೆ ಒಂದೆರಡು ಸಲ ನೀರು ಚಿಮುಕಿಸಿ.

ಇಷ್ಟೆಲ್ಲ ಮಾಡಿಯೂ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುವವರ ತೊಂದರೆ ಬೇರೆ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಚಿಂತೆ ಮಾಡಿದವರಿಗೆ ಹಾಸಿಗೆಯೇ ಎಚ್ಚರದ ಜಾಗವಾಗಿಬಿಡುತ್ತದೆ. ಸೋಫಾದಲ್ಲಿ ತೂಕಡಿಸುತ್ತಿದ್ದವರು ಮಂಚಕ್ಕೆ ಬಂದ ಕೂಡಲೇ ಎಚ್ಚರವಾಗುವುದು ಇದೇ ಕಾರಣಕ್ಕೆ. ಇದಕ್ಕೆ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಕೊಟ್ಟ ಉಪಾಯ ಇನ್ನೂ ಹಳತಾಗಿಲ್ಲ: ನಿದ್ದೆ ತೂಗಿದಾಗ ಮಾತ್ರ ಮಲಗಿ, ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಜಾಗದಲ್ಲಿ ಮಂದ ಬೆಳಕಲ್ಲಿ ಕೂರಿ, ತೂಕಡಿಕೆ ಬಂದಾಗ ವಾಪಸ್ ಬನ್ನಿ, ಬೇಕಾದಷ್ಟು ಸಲ ಹೀಗೇ. ಗಡಿಯಾರ ನೋಡಬೇಡಿ, 20 ನಿಮಿಷ ಅಂದಾಜಿನ ಲೆಕ್ಕ. ಎದ್ದು ಕೂತಾಗ ಬಟ್ಟೆ ಮಡಚಬಹುದು, ಅವರೆಕಾಳು ಬಿಡಿಸಬಹುದು, ಓದಿದ ಪುಸ್ತಕವನ್ನೇ ಮತ್ತೆ ಓದಬಹುದು. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಚಾಪೆಗೆ ಬಂದರೂ ಸಾಕು. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟು ರಾತ್ರಿ ಹಾಸುವ ರೂಢಿ ಇರುವ ಮನೆಗಳಲ್ಲಿ ಈ ನಿಯಮದ ಅರ್ಧ ಪಾಲು ತಾನಾಗಿಯೇ ನಡೆದಿರುತ್ತದೆ.

ಇದರ ಜೊತೆಗಾರ, ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ವಿವರಿಸಿದ ಕ್ರಮ, ಕೇಳಲು ತಲೆಕೆಳಗು. ಕಡಿಮೆ ನಿದ್ದೆ ಬರುವವರು ಹಾಸಿಗೆಯಲ್ಲಿ ಇರುವ ಹೊತ್ತನ್ನೇ ಕಡಿಮೆ ಮಾಡಬೇಕು. ಎರಡು ವಾರ ಒಂದು ಹಾಳೆಯಲ್ಲಿ ಬೆಳಿಗ್ಗೆ ಅಂದಾಜಿನಲ್ಲಿ ಬರೆಯಿರಿ: ಮಲಗಿದ್ದು, ಎದ್ದದ್ದು, ಒಟ್ಟು ನಿದ್ದೆ. ಹತ್ತರಿಂದ ಆರು, ಅಂದರೆ 8 ಗಂಟೆ ಹಾಸಿಗೆಯಲ್ಲಿದ್ದು ನಿದ್ದೆ ಸರಾಸರಿ 5 ಮುಕ್ಕಾಲು ಗಂಟೆ ಆಗಿದ್ದರೆ ಅದು ಹಾಸಿಗೆಯ ಹೊತ್ತಿನ ಶೇ 72. ಈಗ ಹಾಸಿಗೆಯ ಹೊತ್ತನ್ನು 6 ಗಂಟೆಗೆ ಇಳಿಸಿ: ಏಳುವುದು ಆರಕ್ಕೇ, ಮಲಗುವುದು ಹನ್ನೆರಡಕ್ಕೆ. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ. ಒಂದು ವಾರ ಶೇ 85 ದಾಟಿದರೆ ಮಲಗುವ ಹೊತ್ತನ್ನು 15 ನಿಮಿಷ ಮುಂಚೆ ತನ್ನಿ, ಮುಂದಿನ ವಾರ ಇನ್ನೊಂದು 15 ನಿಮಿಷ. ಮೊದಲ ಎರಡು ವಾರ ಹಗಲು ತೂಕಡಿಕೆ ಗ್ಯಾರಂಟಿ. ಬಸ್ಸು ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ಇರುವವರು ಇದನ್ನು ಸ್ವಂತವಾಗಿ ಮಾಡಲೇಬಾರದು. ಈ ಎರಡೂ ಸೇರಿದ ಮಾತಿನ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಸ್ಥೆ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2016ರಲ್ಲಿ ಹೇಳಿದೆ. ಆಲ್‌ಪ್ರಜೋಲಾಮ್‌ನಂಥ ಆತಂಕದ, ನಿದ್ದೆಯ ಮಾತ್ರೆ ಈಗಾಗಲೇ ದಿನಾ ನುಂಗುತ್ತಿರುವವರು ಉತ್ಸಾಹದಲ್ಲಿ ತಟ್ಟನೆ ಬಿಡಬೇಡಿ, ಫಿಟ್ಸ್ ಬರುವ ಅಪಾಯವಿದೆ. ಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಕೆಟ್ಟ ರಾತ್ರಿ ಎಲ್ಲರಿಗೂ ಬರುತ್ತದೆ. ಮರುದಿನ ಅದೇ ಹೊತ್ತಿಗೆ ಏಳಿ, ಹೆಚ್ಚುವರಿ ಕಾಫಿ ಬೇಕಿದ್ದರೆ ಬೆಳಿಗ್ಗೆಯೇ ಕುಡಿಯಿರಿ, ಎಂಟಕ್ಕೇ ಹೋಗಿ ಮಲಗಬೇಡಿ. ಕಳೆದುಹೋದ ನಿದ್ದೆಯನ್ನು ದೇಹ ಮುಂದಿನ ರಾತ್ರಿ ಹೆಚ್ಚು ಗಾಢವಾಗಿ ಮಲಗಿ ತಕ್ಕಮಟ್ಟಿಗೆ ತುಂಬಿಸಿಕೊಳ್ಳುತ್ತದೆ. ಆ ದಿನ ದೂರ ಗಾಡಿ ಓಡಿಸುವುದು ಮಾತ್ರ ಬೇಡ.

ಅಭ್ಯಾಸದಿಂದ ಸರಿಹೋಗದ ಎರಡು ತೊಂದರೆಗಳಿವೆ. ಗೊರಕೆ ಹೊಡೆಯುವವರಿಗೆ ಗಾಢ ನಿದ್ದೆ ಅಂತ ಮನೆಯವರು ನಗುತ್ತಾರೆ. ಗೊರಕೆಯ ನಡುವೆ ಉಸಿರು ನಿಂತು ಗಕ್ಕನೆ ಎಳೆದುಕೊಳ್ಳುವುದು, ಬೆಳಿಗ್ಗೆ ತಲೆನೋವು, ಏಳೆಂಟು ಗಂಟೆ ಮಲಗಿಯೂ ಮೀಟಿಂಗಿನಲ್ಲಿ ತೂಕಡಿಕೆ, ಹತೋಟಿಗೆ ಬಾರದ ಬಿಪಿ, ಇವು ಉಸಿರುಕಟ್ಟುವ ಕಾಯಿಲೆಯ ಗುರುತು. ಶ್ವಾಸಕೋಶ ತಜ್ಞರು ಅಥವಾ ಇಎನ್‌ಟಿ ವೈದ್ಯರು ಸ್ಲೀಪ್ ಸ್ಟಡಿ ಬರೆದುಕೊಡುತ್ತಾರೆ. ಇನ್ನೊಂದು, ಮಲಗಿದ ಕೂಡಲೇ ಕಾಲಿನೊಳಗೆ ಏನೋ ಹರಿದಂತಾಗಿ ಅಲ್ಲಾಡಿಸದೆ ಇರಲಾಗದ ಚಡಪಡಿಕೆ. ಎದ್ದು ನಡೆದರೆ ಕಡಿಮೆ, ಮಲಗಿದರೆ ಮತ್ತೆ ಶುರು. ಇದರ ಹಿಂದೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗದೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ, ಈ ತೊಂದರೆ ಇದ್ದವರಿಗೆ ಅದು 75ಕ್ಕಿಂತ ಕೆಳಗಿದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಯೋಚಿಸುತ್ತಾರೆ. ಹೋಗುವಾಗ ಎರಡು ವಾರ ಬರೆದ ಆ ಹಾಳೆ ಜೊತೆಗಿರಲಿ, ಒಂದೇ ಕೋಣೆಯಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಗೊರಕೆಯ ಬಗ್ಗೆ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.