ಓದುವಂಥ ನೋಟಿಸು ಬರೆಯುವ ಕೆಲಸ: ಆರು ವಾರದ ಟಿಪ್ಪಣಿ

ಮಾರ್ಚ್ 9

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ತೊಗರಿ ಬೇಳೆ ಮಿಲ್ಲಿನ ಆಫೀಸಿನಲ್ಲಿ ನನ್ನ ಕೆಲಸ. ಹಾಜರಿ, ಪಗಾರ, ಪತ್ರ, ನೋಟಿಸು ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಮೊನ್ನೆ ಶುಕ್ರವಾರ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅವತ್ತು ಕಾಟಾಕ್ಕೆ, ಅಂದರೆ ಗಾಡಿ ತೂಗುವ ಯಂತ್ರಕ್ಕೆ, ತೂಕ ಸರಿಯಿದೆ ಅನ್ನುವ ವರ್ಷದ ಮುದ್ರೆ ಹಾಕಿಸುವುದಿತ್ತು. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಗಾಡಿ ತೂಗುವಂತಿರಲಿಲ್ಲ. ನೋಟಿಸು ಮೂರು ದಿನ ಮೊದಲೇ ಬೋರ್ಡಿನಲ್ಲಿತ್ತು. ಆದರೂ ಗೇಟಿನ ಮುಂದೆ ನಾಲ್ಕು ಗಾಡಿ ಸಾಲಾಗಿ ನಿಂತವು. ಆಳಂದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತೊಗರಿ ತಂದಿದ್ದ ಹಿರಿಯ ರೈತರೊಬ್ಬರು ಬಿಸಿಲಲ್ಲೇ ಚೀಲದ ಮೇಲೆ ಕೂತಿದ್ದರು. “ಮೊದ್ಲ ಹೇಳಿದ್ರ ಮನ್ಯಾಗ ಉಂಡು ಬರ್ತಿದ್ದೆನಲ್ರೀ ಅಕ್ಕೋರ” ಅಂದರು. ನಾವು ಹೇಳಿದ್ದೆವು, ಕಾಗದದ ಮೇಲೆ. ಅದು ಅವರಿಗೆ ಮುಟ್ಟಿರಲಿಲ್ಲ.

ಆ ನೋಟಿಸು ನಾನೇ ಬರೆದದ್ದು:

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಂಸ್ಥೆಯ ತೂಕ ಸೇತುವೆಯ ವಾರ್ಷಿಕ ಪರಿಶೀಲನೆಯನ್ನು ಹಮ್ಮಿಕೊಳ್ಳಲಾಗಿದ್ದು, ಸದರಿ ಅವಧಿಯಲ್ಲಿ ತೂಕದ ಕಾರ್ಯವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗುವುದೆಂದು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ.”

ದಿನ, ಟೈಮು ಎರಡೂ ಕೆಳಗೆ, ಸಹಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದ್ದವು. “ತೂಕ ಸೇತುವೆ” ಅನ್ನುವ ಮಾತು ನಮ್ಮ ಮಿಲ್ಲಿನಲ್ಲಿ ಯಾರ ಬಾಯಲ್ಲೂ ಇಲ್ಲ. ಎಲ್ಲರೂ ಅನ್ನುವುದು ಕಾಟಾ.

ಇವತ್ತಿನಿಂದ ನಮ್ಮ ನೋಟಿಸು, ಮೆಮೊ ಎಲ್ಲ ಹೊಸದಾಗಿ ಬರೆಯುತ್ತೇನೆ. ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅಂತ ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ 13

ಹೋದ ವರ್ಷದ ಫೈಲಿನಿಂದ 22 ನೋಟಿಸು ತೆಗೆದೆ. ಕೆಂಪು ಪೆನ್ನು ಹಿಡಿದು “ಲಾಗಿದೆ”, “ಲಾಗುವುದು”, “ತಕ್ಕದ್ದು” ಇರುವ ಕಡೆಯೆಲ್ಲ ಗೆರೆ ಎಳೆದೆ. 17 ಹಾಳೆ ಕೆಂಪಾದವು. “ಯಂತ್ರವನ್ನು ಸ್ವಚ್ಛಗೊಳಿಸತಕ್ಕದ್ದು.” ಯಾರು? ಶಿಫ್ಟ್ ಮುಗಿಸಿ ಹೋಗುವವರಾ, ಹೊಸದಾಗಿ ಬರುವವರಾ? ಹೇಳಿಲ್ಲ. ಹಾಗಾಗಿ ಇಬ್ಬರೂ ಮಾಡುತ್ತಿರಲಿಲ್ಲ, ಆಮೇಲೆ ಇಬ್ಬರಿಗೂ ಬೈಗುಳ. ತಪ್ಪು ಅವರದಲ್ಲ, ವಾಕ್ಯದ್ದು.

ಇನ್ನೊಂದು ಕಣ್ಣಿಗೆ ಬಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ನಾಲ್ಕು ಸಾಲು ಉದ್ದವಾದರೆ, ಕಾಟಾ ನಡೆಯುತ್ತದೋ ನಿಲ್ಲುತ್ತದೋ ಅಂತ ಗೊತ್ತಾಗಲು ನಾಲ್ಕನೇ ಸಾಲಿನವರೆಗೆ ಕಾಯಬೇಕು. ನಿಂತುಕೊಂಡೇ ಓದುವವರು ಅಷ್ಟು ಹೊತ್ತು ಕಾಯುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದ ವಾಕ್ಯ ಹೇಗೋ ನಡೆದೀತು, ನಮ್ಮಲ್ಲಿ ನೋಟಿಸಿನ ವಾಕ್ಯ ಗಿಡ್ಡ ಇರಲೇಬೇಕು.

ಕಾಟಾ ನೋಟಿಸು ಮತ್ತೆ ಬರೆದೆ:

“ಶುಕ್ರವಾರ, ಮಾರ್ಚ್ 7. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಕಾಟಾ ಬಂದ್. ತೊಗರಿ ಗಾಡಿ 2 ಗಂಟೆ ಮೇಲೆ ತನ್ನಿ. ಏನಾದರೂ ಕೇಳಬೇಕಿದ್ದರೆ ಗೇಟಿನಲ್ಲಿ ಕೇಳಿ.”

ದಿನ ಮುಗಿದು ಹೋಗಿದೆ, ಗೊತ್ತು. ಆದರೂ ಮಾದರಿಗೆ ಇರಲಿ ಅಂತ ಬರೆದೆ.

ಮಾರ್ಚ್ 17

ಶರಣಬಸವೇಶ್ವರರ ತೇರಿನ ದಿನ ಮಿಲ್ ಮುಚ್ಚುತ್ತೇವೆ, ಬದಲಿಗೆ ಭಾನುವಾರ ನಡೆಸುತ್ತೇವೆ. “ತೇರಿನ ದಿನ ಸೂಟಿ. ಬದಲಿಗೆ ಬರುವ ಭಾನುವಾರ ಕೆಲಸ” ಅಂತ ಬರೆದೆ. ಲೆಕ್ಕದ ಸರ್ ಒಪ್ಪಲಿಲ್ಲ. “ರಜೆ ಅಂತ ಬರೀರಿ, ಸೂಟಿ ಆಫೀಸಿನ ಭಾಷೆ ಅಲ್ಲ” ಅಂದರು. ನಾನು ಗೇಟಿನ ಕಾಕಾನನ್ನು ಕರೆದು ಜೋರಾಗಿ ಓದಿಸಿದೆ. ಸೂಟಿ ಹತ್ತಿರ ತಡವರಿಸಲಿಲ್ಲ. ತಡವರಿಸಿದ್ದು “ಬರುವ ಭಾನುವಾರ” ಹತ್ತಿರ. “ಈ ಐತ್ವಾರನೋ, ಮುಂದಿನ್ದೋ?” ಅಂತ ಕೇಳಿದ. ಸೂಟಿ ಉಳಿಸಿದೆ, ಭಾನುವಾರದ ಮುಂದೆ ತಾರೀಖು ಸೇರಿಸಿದೆ. ಇನ್ನು ಮೇಲೆ ವಾರ, ತಾರೀಖು ಎರಡೂ ಇಲ್ಲದೆ ಯಾವ ಹಾಳೆಯೂ ಹೊರಗೆ ಹೋಗುವುದಿಲ್ಲ. ಕಾಕಾ ಓದದೆಯೂ ಹೋಗುವುದಿಲ್ಲ.

ಮಾರ್ಚ್ 25

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಬೇಳೆ ಆರಿಸುವ ಹೆಣ್ಣುಮಕ್ಕಳ ವಿಭಾಗಕ್ಕೆ ಕುಡಿಯುವ ನೀರಿನ ಹೊಸ ಟ್ಯಾಂಕಿನ ಬಗ್ಗೆ ಒಂದು ಹಾಳೆ ಕೊಡಲು ಹೋದೆ. ಮೇಲೆ “ಮೆಮೊ” ಅಂತ ದಪ್ಪಕ್ಷರದಲ್ಲಿತ್ತು. ಎಲ್ಲರಿಗಿಂತ ಹಿರಿಯವರು ಕೈ ಹಿಂದಕ್ಕೆ ತಗೊಂಡರು. “ನಾ ಏನ್ ತಪ್ಪ್ ಮಾಡೀನ್ರಿ ಅಕ್ಕೋರ?” ಅವರ ಕೈಯಲ್ಲಿ ತೊಗರಿ ಹೊಟ್ಟು ಅಂಟಿತ್ತು, ಬೆರಳು ನಡುಗುತ್ತಿದ್ದವು. ನಮ್ಮಲ್ಲಿ “ಮೆಮೊ ಕೊಟ್ಟರು” ಅಂದರೆ ಕಾರಣ ಕೇಳಿ ಕಾಗದ ಕೊಟ್ಟರು ಅಂತಲೇ ಅರ್ಥ ಅಲ್ವಾ. ಮೂಲ ಲ್ಯಾಟಿನ್ ಶಬ್ದ ಮೆಮೊರಾಂಡಮ್‌ಗೆ “ನೆನಪಿಡಬೇಕಾದದ್ದು” ಅಂತಷ್ಟೇ ಅರ್ಥ. ನಮ್ಮ “ಜ್ಞಾಪನ” ಕೂಡ ಅದೇ. ಆದರೆ ಆ ತಾಯಿಗೆ ಲ್ಯಾಟಿನ್ ಕಟ್ಟಿಕೊಂಡು ಏನಾಗಬೇಕು? ಅವರು ಹೆದರಿದ್ದು ನಿಜ.

ಈಗ ಮೂರು ತಲೆಬರಹ ಮಾತ್ರ. ಸುದ್ದಿಗೆ “ತಿಳಿವಳಿಕೆ”, ಕೆಲಸ ಹೇಳುವುದಕ್ಕೆ “ಸೂಚನೆ”, ವಿವರಣೆ ಕೇಳುವುದಿದ್ದರೆ ಮಾತ್ರ “ಮೆಮೊ”. ಅದನ್ನೂ ಬೋರ್ಡಿಗೆ ಹಚ್ಚುವುದಿಲ್ಲ, ಮುಚ್ಚಿದ ಲಕೋಟೆಯಲ್ಲಿ ಕೈಗೇ ಕೊಡುತ್ತೇವೆ.

ಏಪ್ರಿಲ್ 3

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಟೈಮು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ನಾವೂ ಲೋಡಿಂಗ್ ಹೊತ್ತನ್ನು ಮುಂಜಾನೆ 6ಕ್ಕೆ ತಂದೆವು. ಸೂಚನೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಕಾಪಿ ಮಾಡಿ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಎಲ್ಲರ ಫೋನಿನಲ್ಲೂ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿ ಬಂತು. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದ ಮೇಲೆ ಸರಿಯಾಯಿತು.

ಏಪ್ರಿಲ್ 8

ಈ ಸಲದ ನೋಟಿಸು ಕೆಲಸ ಮಾಡಲಿಲ್ಲ. ಬೇಳೆ ಪಾಲಿಶ್ ಮಾಡುವ ಕಡೆ ಧೂಳು ಜಾಸ್ತಿ. “ಎಲ್ಲರೂ ಮಾಸ್ಕ್ ಹಾಕಿ. ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ” ಅಂತ ಬರೆದಿದ್ದೆ. ಕಾರಣ ಇದೆ, ವಾಕ್ಯ ಗಿಡ್ಡ ಇದೆ. ನಾಲ್ಕು ದಿನ ಕಳೆದರೂ ಯಾರೂ ಹಾಕಲಿಲ್ಲ. ಕೊನೆಗೆ ನಾನೇ ಹೋಗಿ ಅರ್ಧ ದಿನ ಅಲ್ಲೇ ಕೂತೆ. ಹೊರಗೆ 40 ಡಿಗ್ರಿ ದಾಟಿತ್ತು. ನಾವು ಕೊಟ್ಟ ಮಾಸ್ಕಿನಲ್ಲಿ ಹತ್ತು ನಿಮಿಷಕ್ಕೆ ಉಸಿರು ಕಟ್ಟಿತು, ಕಿವಿ ಹಿಂದೆ ದಾರ ಕೊರೆಯಿತು. ಅದಕ್ಕೇ ಅವರು ಸೆರಗು ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ಬೆಲ್ಟಿನ ಹತ್ತಿರ ಸೆರಗು ಸಡಿಲವಾದರೆ ಎಷ್ಟು ಅಪಾಯ!

ನೋಟಿಸಿನಲ್ಲಿ ಶಬ್ದ ಬದಲಾಯಿಸಿ ಉಪಯೋಗವಿಲ್ಲ, ಮಾಸ್ಕೇ ಬದಲಾಗಬೇಕು. ಕೂತು ಮಾತಾಡಬೇಕಾದ ವಿಷಯವನ್ನು ಹಾಳೆಗೆ ಹಚ್ಚಿದ್ದು ನನ್ನ ತಪ್ಪು. ತಲೆ ಹಿಂದೆ ಕಟ್ಟುವ ಒಳ್ಳೆಯ ಮಾಸ್ಕು ತರಿಸಲು ಮಿಲ್ಲಿನ ಮಾಲೀಕರಾದ ಸಾವಕಾರರಿಗೆ ಬರೆಯಬೇಕು.

ಏಪ್ರಿಲ್ 12

ಬರೆದೆ. ಮೊದಲಾಗಿದ್ದರೆ ಹಿನ್ನೆಲೆ, ಉಲ್ಲೇಖ ಅಂತ ಎರಡು ಪುಟ ಆಗಿ, ಕೇಳಬೇಕಾದದ್ದು ಕೊನೆಗೆ ಬರುತ್ತಿತ್ತು. ಬ್ರಿಟನ್ ಪ್ರಧಾನಿ ಚರ್ಚಿಲ್ ಯುದ್ಧದ ನಡುವೆಯೇ, 1940ರ ಆಗಸ್ಟ್ 9ರಂದು, ವರದಿ ಚಿಕ್ಕದಾಗಿರಲಿ ಅಂತ ತಮ್ಮವರಿಗೆ ಒಂದೇ ಪುಟದ ಮೆಮೊ ಕಳಿಸಿದ್ದರು. ಮುಖ್ಯ ಅಂಶ ಗಿಡ್ಡ ಪ್ಯಾರಾಗಳಲ್ಲಿ ಬರಲಿ, ವಿವರ, ಅಂಕಿ ಅಂಶ ಅನುಬಂಧಕ್ಕೆ ಹೋಗಲಿ ಅನ್ನುವುದು ಅವರ ಮಾತು. ನಾನೂ ಹಾಗೇ ಮಾಡಿದೆ. ಮೊದಲ ಸಾಲು: “30 ಮಾಸ್ಕ್ ಕೊಳ್ಳಲು ಶನಿವಾರದೊಳಗೆ ತಮ್ಮ ಒಪ್ಪಿಗೆ ಬೇಕು.” ಎರಡನೆಯದು ರೇಟು. ಮೂರನೆಯದು ಸೆರಗು ಮತ್ತು ಬೆಲ್ಟಿನ ಮಾತು. ಕೊಟೇಶನ್ನು ಹಿಂದಿನ ಹಾಳೆಯಲ್ಲಿ. ಸಾವಕಾರರು ಕಾರಿನಲ್ಲಿದ್ದಾಗಲೇ ಫೋನಿನಲ್ಲಿ ಓದಿ “ತರಿಸ್ರಿ” ಅಂದರು.

ಏಪ್ರಿಲ್ 20

ನಿನ್ನೆ ರಿಪೇರಿಗೆ ಅಂತ ಕಾಟಾ ಮತ್ತೆ ನಾಲ್ಕು ಗಂಟೆ ಬಂದ್ ಇತ್ತು. ಈ ಸಲ ಹಾಳೆಯನ್ನು ಒಳಗಿನ ಬೋರ್ಡಿಗಷ್ಟೇ ಬಿಡಲಿಲ್ಲ. ತೊಗರಿ ತರುವವರು ಆ ಬೋರ್ಡಿನ ಹತ್ತಿರ ಬರುವುದೇ ಇಲ್ಲ. ಅದು ಇಷ್ಟು ವರ್ಷ ನಮಗೆ ಹೊಳೆದಿರಲಿಲ್ಲ. ಗೇಟಿನ ಹೊರಗೆ ತಗಡಿನ ಮೇಲೆ ದೊಡ್ಡದಾಗಿ ಬರೆಸಿದೆವು. ಅಡತ್ (ದಲಾಲಿ) ಅಂಗಡಿಗಳಿಗೆ, ಖಾಯಂ ತರುವ ರೈತರಿಗೆ ಹಿಂದಿನ ದಿನವೇ ಫೋನ್ ಮಾಡಿದೆವು.

ಒಂದೇ ಲಾರಿ ಬಂತು. ಸೊಲ್ಲಾಪುರದ್ದು. ಡ್ರೈವರಿಗೆ ಕನ್ನಡ ಓದಲು ಬರುವುದಿಲ್ಲ. ತಗಡಿನ ಮೇಲೆ 10, 2 ಮಾತ್ರ ಗೊತ್ತಾಗಿದೆ, ಆ ಹೊತ್ತಿನಲ್ಲೇ ಕಾಟಾ ನಡೆಯುತ್ತದೆ ಅಂದುಕೊಂಡಿದ್ದಾನೆ. ಕಾಕಾ ಅವನನ್ನು ಬೇವಿನ ಗಿಡದ ನೆರಳಿಗೆ ಕೂರಿಸಿ ನೀರು ಕೊಟ್ಟ. ಸೋಮವಾರ ಪೇಂಟರ್ ಬರುತ್ತಾನೆ. ಕನ್ನಡದ ಕೆಳಗೆ ಮರಾಠಿಯಲ್ಲಿ ಒಂದು ಸಾಲು, ಉರ್ದುವಿನಲ್ಲಿ ಒಂದು ಸಾಲು, ಮೇಲೆ ಅಡ್ಡಗೆರೆ ಹೊಡೆದ ಕಾಟಾದ ಚಿತ್ರ.