ಅರಸೀಕೆರೆ ಹಾಳೆಯ ಅಂಚಿನಲ್ಲಿದೆ

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದರು. ಬಸ್ ಚಾರ್ಜ್ ಏರಿದಾಗಲೆಲ್ಲ ಊರಿಗೆಲ್ಲ ಸಿಟ್ಟು, ನನಗೆ ಮಾತ್ರ ಹಬ್ಬ. ಯಾಕಂದರೆ ಹಳೇ ದರಪಟ್ಟಿ ನನ್ನ ಪಾಲಿಗೆ ಬರುತ್ತಿತ್ತು.

ಆಗಿನ ದರಪಟ್ಟಿ ನೋಡದವರಿಗೆ ಹೇಳುತ್ತೇನೆ. ಅದೊಂದು ತ್ರಿಕೋನ. ಸ್ಟೇಜುಗಳ ಹೆಸರು ಮೇಲಿಂದ ಕೆಳಕ್ಕೆ: ಅರಸೀಕೆರೆ, ಕೋನೇಹಳ್ಳಿ, ತಿಪಟೂರು, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು. ನಡುವೆ ಸಣ್ಣಪುಟ್ಟವು ಇನ್ನಷ್ಟು. ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಷ್ಟು ಅಂತ ಮೆಟ್ಟಿಲು ಮೆಟ್ಟಿಲಾಗಿ ಅಂಕಿಗಳು. ಮೇಲಿನ ಸಾಲಿನಲ್ಲಿ ಒಂದೇ ಅಂಕಿ, ಕೆಳಗೆ ಹೋದಂತೆ ಸಾಲು ಉದ್ದ. ಅಪ್ಪನ ಹೆಬ್ಬೆರಳು ಹಿಡಿಯುವ ಮೂಲೆ ಮಾತ್ರ ಕಪ್ಪಗೆ, ಮೆತ್ತಗೆ ಆಗಿರುತ್ತಿತ್ತು. ಮಡಿಕೆ ಬೀಳುವ ಜಾಗದಲ್ಲಿ ಪ್ರತಿ ಸಲವೂ ನಿಟ್ಟೂರು ಅಳಿಸಿಹೋಗಿರುತ್ತಿತ್ತು.

ಆರು ವರ್ಷ ಇರಬೇಕು. ಅದನ್ನು ನೆಲದ ಮೇಲೆ ಹಾಸಿಕೊಂಡು, ಬೋರಲು ಮಲಗಿ, ದರದಿಂದ ದೂರ ಅಂದಾಜು ಮಾಡಿ ರಸ್ತೆ ಬರೆದೆ. ನನ್ನ ಮೊದಲ ಮ್ಯಾಪು ಅದು. ನೆಟ್ಟಗೆ ಒಂದು ಗೆರೆ, ಅಷ್ಟೇ. ದರಪಟ್ಟಿಯಲ್ಲಿ ತಿರುವು ಇರುವುದಿಲ್ಲವಲ್ಲ. ತಿರುವುಗಳನ್ನು ಅಪ್ಪನ ಪ್ರಾಣ ತಿಂದು ತುಂಬಿಸಿದೆ. "ತಿಪಟೂರು ಬಿಟ್ಟ ಮೇಲೆ ಬಲಕ್ಕಾ ಎಡಕ್ಕಾ? ಎಷ್ಟು ಬಲಕ್ಕೆ?" ಹಗಲೆಲ್ಲ ನಿಂತು ಬಂದ ಮನುಷ್ಯ ಊಟದ ತಟ್ಟೆ ಮುಂದೆ ಕೂತು ಕೈಯಲ್ಲಿ ತಿರುವು ತೋರಿಸುತ್ತಿದ್ದರು. ಅಮ್ಮ ಮಾತ್ರ, "ಮೊದಲು ಮುದ್ದೆ ಮುರೀರಿ, ಆಮೇಲೆ ರಸ್ತೆ" ಅನ್ನುತ್ತಿದ್ದಳು.

2021ರಲ್ಲಿ, 33ನೇ ವಯಸ್ಸಿನಲ್ಲಿ, ನನಗೆ ಆಟಿಸಂ (ಸ್ವಲೀನತೆ, ಅಂದರೆ ಮಿದುಳು ಹುಟ್ಟಿನಿಂದಲೇ ಬೇರೆ ಥರ ಕೆಲಸ ಮಾಡುವುದು) ಇದೆ ಅಂತ ಗೊತ್ತಾಯಿತು. ದೊಡ್ಡವರಿಗೆ ಪರೀಕ್ಷೆ ಮಾಡುವಾಗಲೂ ಬಾಲ್ಯ ಹೇಗಿತ್ತು ಅಂತ ಮನೆಯವರನ್ನು ಕೇಳುತ್ತಾರೆ. ಅಪ್ಪ ಬಂದಿದ್ದರು. ಅಷ್ಟರಲ್ಲಿ ರಿಟೈರ್ ಆಗಿದ್ದರು. ಡಾಕ್ಟರ್ ಏನೋ ಕೇಳುವ ಮೊದಲೇ ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ನಾನು ಬರೆದ ರಸ್ತೆಗಳು, ದರಪಟ್ಟಿಗಳ ಬೆನ್ನಿಗೇ. "ಎಂಟು ವರ್ಷಕ್ಕೇ ನಮ್ಮ ಡಿವಿಜನ್ನಿನ ಸ್ಟೇಜೆಲ್ಲ ಬಾಯಿಪಾಠ ಸಾರ್. ಆದ್ರೆ ನೆಂಟರು ಬಂದ್ರೆ ಮಂಚದ ಕೆಳಗೆ ಹೋಗೋಳು." ಇಡೀ ವರದಿ ಆ ಎರಡು ವಾಕ್ಯದಲ್ಲೇ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲೇ ಮುಗಿಸುತ್ತೇನೆ. ಆಟಿಸಂ ಇದ್ದವರೆಲ್ಲ ಮ್ಯಾಪ್ ಹುಚ್ಚರಲ್ಲ. ನನ್ನಂತೆಯೇ ಇರುವ ಗೆಳತಿಯೊಬ್ಬಳಿಗೆ ಮ್ಯಾಪ್ ಕಂಡರೆ ಆಕಳಿಕೆ, ಹೊಲಿಗೆ ಮೆಷಿನ್ ಬಿಚ್ಚಿಟ್ಟರೆ ಊಟ ಮರೆಯುತ್ತಾಳೆ. ನಾನು ಕೆಲಸ ಮಾಡುವುದೂ ಮ್ಯಾಪಿನಲ್ಲಲ್ಲ, ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಆಟಿಸಂ ಇರುವ ಸಂಶೋಧಕರಾದ ಡೀನಾ ಮರ್ರೆ ಮತ್ತು ವೆನ್ ಲಾಸನ್, ಮೈಕ್ ಲೆಸ್ಸರ್ ಜೊತೆ ಸೇರಿ 2005ರಲ್ಲಿ ಬರೆದ ಒಂದು ವಿಚಾರ ನನಗೆ ಹತ್ತಿರ ಅನ್ನಿಸುತ್ತದೆ. ಅದಕ್ಕೆ ಮೊನೊಟ್ರೋಪಿಸಂ ಅನ್ನುತ್ತಾರೆ. ನಮ್ಮ ಗಮನ ಹತ್ತು ಕಡೆ ತೆಳ್ಳಗೆ ಹರಡುವುದಿಲ್ಲ, ಒಂದೆರಡು ಕಾಲುವೆಯಲ್ಲೇ ಪೂರ್ತಿ ನುಗ್ಗುತ್ತದೆ. ಗದ್ದೆಗೆ ನೀರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ನುಗ್ಗುವ ಕಡೆ ಯಾರಾದರೂ ಅಡ್ಡ ಕಲ್ಲಿಟ್ಟರೆ ಏನಾಗುತ್ತದೆ ಅನ್ನುವುದು 1997ರ ಆಗಸ್ಟಿನಲ್ಲಿ ಗೊತ್ತಾಯಿತು. ನಮ್ಮ ಗೋಡೆ ಮೇಲಿನ ಕರ್ನಾಟಕಕ್ಕೆ 20 ಜಿಲ್ಲೆ. ಒಂದೊಂದಕ್ಕೂ ಒಂದು ಬಣ್ಣ. ಸರ್ಕಾರ ಇದ್ದಕ್ಕಿದ್ದಂತೆ ಇನ್ನೂ 7 ಮಾಡಿತು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ನಾನು ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಗೋಡೆ ಸುಳ್ಳು ಹೇಳುತ್ತಿದೆ ಅಂತ ಅತ್ತೆ. ನಮ್ಮ ಹಾಸನಕ್ಕೆ ಏನೂ ಆಗಿಲ್ಲ ಕಣೇ ಅಂತ ಅಮ್ಮ ಸಮಾಧಾನ ಮಾಡಿದಳು. ಪ್ರಶ್ನೆ ಅದಲ್ಲವೇ ಅಲ್ಲ! ಕೊನೆಗೆ ಅಪ್ಪ ಪೇಪರಿನಲ್ಲಿ ಬಂದ ತಾಲ್ಲೂಕು ಪಟ್ಟಿ ಕತ್ತರಿಸಿ ತಂದರು. ಇಬ್ಬರೂ ಕೂತು ರೆಡ್ ಇಂಕ್ ಪೆನ್ನಿನಲ್ಲಿ ಹೊಸ ಗೆರೆ ಎಳೆದೆವು.

ಆಗಿನಿಂದ ನನಗೆ ಹರಪನಹಳ್ಳಿ ಮೇಲೆ ವಿಶೇಷ ಮರುಕ. ಪಾಪ, ಬಳ್ಳಾರಿಯಲ್ಲಿತ್ತು, 97ರಲ್ಲಿ ದಾವಣಗೆರೆಗೆ ಕಳಿಸಿದರು, ಆಮೇಲೆ ವಾಪಸ್ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ. ಆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಗೆರೆಯನ್ನು ನಾನು ನಾಲ್ಕು ಬಣ್ಣದಲ್ಲಿ ಬರೆದಿದ್ದೇನೆ.

ಹೆದ್ದಾರಿಯದ್ದೂ ಅದೇ ಕಥೆ. ನಮ್ಮೂರಿನ ರಸ್ತೆ 206, ತುಮಕೂರಿನಿಂದ ಹೊನ್ನಾವರಕ್ಕೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ಅರಸೀಕೆರೆ–ತುಮಕೂರು ತುಂಡು 73 ಆಯಿತು. ವಾರಗಟ್ಟಲೆ ಹೊಟ್ಟೆಯೊಳಗೆ ಏನೋ ಕೆಟ್ಟಂತೆ ಇತ್ತು. ಹೊಸ ನಂಬರುಗಳ ಹಿಂದೆ ಒಂದು ನಿಯಮ ಇದೆ ಅಂತ ತಿಳಿದ ದಿನ ತಣ್ಣಗಾದೆ. ಸಮ ಸಂಖ್ಯೆ ಉತ್ತರ–ದಕ್ಷಿಣ ರಸ್ತೆಗಳಿಗೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಬೆಸ ಸಂಖ್ಯೆ ಪೂರ್ವ–ಪಶ್ಚಿಮದವಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಬದಲಾವಣೆ ಆಗಲಿ, ಬೇಡ ಅನ್ನುವುದಿಲ್ಲ. ಯಾಕೆ ಅಂತ ಒಂದು ಮಾತು ಹೇಳಿ ಮಾಡಿ.

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಊರು ಗುರುತಿಸಿ ಅಂತ ಒಂದು ಪ್ರಶ್ನೆ ಇರುತ್ತಲ್ಲ. ಎಲ್ಲರೂ ಐದು ನಿಮಿಷದಲ್ಲಿ ಮಾವಿನಕಾಯಿ ಥರ ಏನೋ ಗೀಚಿ ಮುಂದೆ ಹೋಗುತ್ತಾರೆ. ನಾನು ಕಛ್ ಕೊಲ್ಲಿ ಬರೆಯಲು ಶುರು ಮಾಡಿದೆ. ಗುಜರಾತ್ ಮುಗಿಯುವ ಹೊತ್ತಿಗೆ ಮೊದಲ ಬೆಲ್ ಆಗಿತ್ತು. ಸುಂದರಬನದ ಬಾಯಿಗಳನ್ನು ಎಣಿಸಿ ಬರೆದೆ. ನಕ್ಷೆಗೆ ಪೂರ್ತಿ ಮಾರ್ಕ್ಸ್ ಬಂದಿರಬೇಕು. ಇತಿಹಾಸದ ಎರಡು ದೊಡ್ಡ ಪ್ರಶ್ನೆ ಮುಟ್ಟಲೇ ಇಲ್ಲ. ಆ ಸಬ್ಜೆಕ್ಟಿನಲ್ಲೇ ನನಗೆ ಎಲ್ಲಕ್ಕಿಂತ ಕಡಿಮೆ ಬಂತು.

ಕೆಲಸಕ್ಕೆ ಸೇರಿದ ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ ತಗೊಂಡೆ. ನನಗೆ ಅಂತ ಕೋರಮಂಗಲದ ಸರ್ವೆ ಆಫ್ ಇಂಡಿಯಾ ಆಫೀಸಿಗೆ ಹೋಗಿ ನಮ್ಮೂರಿನ ಟೋಪೋಶೀಟ್, ಅಂದರೆ ಏರುತಗ್ಗು, ಹಳ್ಳ, ರಸ್ತೆ ಎಲ್ಲ ತೋರಿಸುವ ಸರ್ಕಾರಿ ಮ್ಯಾಪ್ ಕೇಳಿದೆ. ಈ ಹಾಳೆಗಳ ಲೆಕ್ಕವೇ ಚೆಂದ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ಚೌಕಕ್ಕೆ ಒಂದು ನಂಬರ್. ನಮ್ಮದು 57. ಅದನ್ನು 16 ಭಾಗ ಮಾಡಿ ಎ ಇಂದ ಪಿ ವರೆಗೆ ಅಕ್ಷರ. ನಮ್ಮದು ಸಿ. ಅದನ್ನು ಮತ್ತೆ 16 ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಹಾಳೆ. ಒಂದು ಕಿಲೋಮೀಟರ್ ಅಂದರೆ ಎರಡು ಸೆಂಟಿಮೀಟರ್.

ಅಲ್ಲೊಂದು ತಮಾಷೆ ಆಯಿತು. ಅರಸೀಕೆರೆ ಇರುವುದು 76 ಡಿಗ್ರಿ 15 ನಿಮಿಷದ ರೇಖೆಯ ಮಗ್ಗುಲಲ್ಲೇ. ಹಾಳೆ ಮುಗಿಯುವುದೂ ಅಲ್ಲೇ. ನಮ್ಮೂರು ಪೂರ್ತಿ ಬೇಕೆಂದರೆ ಎರಡು ಹಾಳೆ ಕೊಳ್ಳಬೇಕು. ಕೊಂಡೆ. ಬಿಳಿ ಅಂಚು ಕತ್ತರಿಸಿ, ಅನ್ನದ ಅಂಟು ಹಾಕಿ ಜೋಡಿಸಿದೆ. ಈಗಲೂ ಬಾಡಿಗೆ ಮನೆಯ ಬೀರು ಬಾಗಿಲ ಒಳಮೈಯಲ್ಲಿದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಬಯಲಿನಲ್ಲಿ ಸೋಮಾರಿಯಂತೆ ದೂರ ದೂರ ಹೋಗಿ, ಮಾಲೇಕಲ್ಲು ತಿರುಪತಿ ಬೆಟ್ಟದ ಹತ್ತಿರ ಬಂದ ತಕ್ಷಣ ಒತ್ತೊತ್ತಾಗಿ ಸುತ್ತಿಕೊಳ್ಳುತ್ತವೆ. ಎರಡು ಗೆರೆ ನಡುವೆ 20 ಮೀಟರ್ ಏರು. ಬೆರಳಿಟ್ಟರೆ ಮೆಟ್ಟಿಲು ಹತ್ತಿ ಮಂಡಿ ನೋವು ಬಂದದ್ದು ನೆನಪಾಗುತ್ತದೆ. ನೀರಿದ್ದರೆ ನೀಲಿ, ಒಣಗಿದ್ದರೆ ಕಪ್ಪು. ನಮ್ಮ ಕಡೆ ಹಳ್ಳಗಳೆಲ್ಲ ಹೆಚ್ಚುಕಮ್ಮಿ ಕಪ್ಪೇ. ಮುಚ್ಚುಮರೆ ಇಲ್ಲ.

ನನಗೆ ಇಷ್ಟ ಆಗುವುದೇ ಅದು. ಏನಂದರೆ ಏನು ಅಂತ ಅಲ್ಲೇ ಮೂಲೆಯಲ್ಲಿ ಬರೆದಿರುತ್ತದೆ. ನೆಂಟರ ಮನೆಯಲ್ಲಿ "ಊಟ ಮಾಡ್ಕೊಂಡೇ ಹೋಗಬೇಕು" ಅನ್ನುತ್ತಾರಲ್ಲ, ಅದು ನೀಲಿಯೋ ಕಪ್ಪೋ? ನಿಜವಾಗಿ ಕೂರಬೇಕಾ, ಇಲ್ಲ "ಇನ್ನೊಂದ್ಸಲ ಬರ್ತೀವಿ" ಅನ್ನಬೇಕಾ? ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಒಂದು ಸಲ ಕೂತುಬಿಟ್ಟಿದ್ದೆ. ಅವರ ಮನೆಯಲ್ಲಿ ಅಕ್ಕಿ ಇಟ್ಟೇ ಇರಲಿಲ್ಲ.

ಇಷ್ಟೆಲ್ಲ ಹೇಳಿ ಇದನ್ನು ಹೇಳದಿದ್ದರೆ ಮೋಸ: ನಾನು ದಾರಿ ತಪ್ಪುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಹಾರ್ನು, ಕೂಗು, ಡೀಸೆಲ್ ವಾಸನೆ ಎಲ್ಲ ಒಟ್ಟಿಗೆ ಬಂದರೆ ಪ್ಲಾಟ್‌ಫಾರಂ ನಂಬರ್ ಓದಲೂ ಆಗುವುದಿಲ್ಲ. ಬಸ್ಸು ಯಾವ ಊರು ಹಾದು ಹೋಗುತ್ತದೆ ಅಂತ ನಿದ್ದೆಯಲ್ಲೂ ಹೇಳುತ್ತೇನೆ, ಬಸ್ಸು ಎಲ್ಲಿ ನಿಂತಿದೆ ಅಂತ ಮಾತ್ರ ಕಾಣುವುದಿಲ್ಲ. ಯಾರನ್ನಾದರೂ ಕೇಳು ಅನ್ನುತ್ತಾರೆ. ಕೇಳುವುದೇ ಕಷ್ಟ ಅಲ್ವಾ?

ಫ್ರಾನ್ಸಿನ ಜಿಲ್ ಟ್ರೇಹಾನ್ ಅನ್ನುವ ಆಟಿಸ್ಟಿಕ್ ಕಲಾವಿದರು ಹನ್ನೆರಡನೇ ವಯಸ್ಸಿನ ಸುಮಾರಿಗೆ ಊರ್ವಿಲ್ ಅನ್ನುವ ಇಲ್ಲದ ನಗರವೊಂದನ್ನು ಬರೆಯಲು ಶುರು ಮಾಡಿ, ಅದಕ್ಕೆ ಬೀದಿ, ಇತಿಹಾಸ, ಜನಸಂಖ್ಯೆ ಎಲ್ಲ ಕೊಟ್ಟರು. ಅದನ್ನು ಓದಿದಾಗ ಜೋರಾಗಿ ನಕ್ಕೆ. ನನ್ನದೂ ಒಂದು ಇದೆ. ನಗರ ಅಲ್ಲ, ತಾಲ್ಲೂಕು. ಹೊಂಗೆಪುರ ಅಂತ. 214 ಹಳ್ಳಿ, 5 ಹೋಬಳಿ, ಒಂದು ಬಸ್ ಡಿಪೋ. ದರಪಟ್ಟಿಯೂ ಇದೆ. ಅದನ್ನು ಅಪ್ಪ ಚೆಕ್ ಮಾಡಿ ಎರಡು ಕಡೆ ತಪ್ಪು ಹಿಡಿದಿದ್ದರು.

ಈಗ ಬಸವನಗುಡಿಯಲ್ಲಿದ್ದೇನೆ, ಆಫೀಸು ಕೋರಮಂಗಲ. ಮನೆ ಮುಂದೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ದಾಟಿ ಕಾವೇರಿಗೆ. ಆಫೀಸಿನ ಮುಂದೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದಿನಾ ಒಂದು ಕಣಿವೆ ಬಿಟ್ಟು ಇನ್ನೊಂದಕ್ಕೆ ಇಳಿಯುತ್ತೇನೆ. ಆ ದಿಣ್ಣೆ ದಾಟುವಾಗ ಆಟೋದವರಿಗೆ ಹೇಳಬೇಕು ಅನ್ನಿಸುತ್ತದೆ. ಹೇಳುವುದಿಲ್ಲ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಅಪ್ಪನ ಜೊತೆ ಸಕಲೇಶಪುರದ ಕಡೆಯಿಂದ ಬಿಸಿಲೆಗೆ ಹೋಗಿದ್ದೆ. ಅಲ್ಲಿ ಮಂಕನಹಳ್ಳಿ ಹತ್ತಿರ ರಸ್ತೆ ಬದಿ ಒಂದು ಕಲ್ಲಿದೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ ಅಂತ ಸೂಚಿಸುವ ಕಲ್ಲು. ಈ ಕಡೆ ಬಿದ್ದ ಹನಿ ಹೇಮಾವತಿ, ಕಾವೇರಿ ಅಂತ ಪೂರ್ವಕ್ಕೆ. ಆ ಕಡೆಯದ್ದು ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕೂಡಿ ಮಂಗಳೂರಿಗೆ. ಜನ ಫೋಟೋ ತಗೊಂಡು ಎರಡು ನಿಮಿಷಕ್ಕೆ ಹೊರಡುತ್ತಾರೆ. ನಾನು ಪಾಚಿ ಒರೆಸಿ, ಕಲ್ಲಿನ ನೆತ್ತಿ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು.

ಅಪ್ಪ ಮೋರಿ ಕಟ್ಟೆ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿ, "ಅಲ್ಲ ಕಣವ್ವ, ಸರಿಯಾಗಿ ಕಲ್ಲಿನ ಮೇಲೇ ಬಿದ್ರೆ?" ಅಂದರು.

ಉದ್ದ ಉತ್ತರ ಅದು, ಅಪ್ಪಾ, ಅಂದೆ.

ವಾಚು ನೋಡಿಕೊಂಡರು. "ಹೇಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ."